ಆ ತೋಟಕ್ಕೆ ನೀರು ಹಾಕಿದವರು

ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯಲ್ಲಿ ಮಕ್ಕಳು ಅಮೆರಿಕದಲ್ಲಿರುವ ಮನೆಗಳೇ ಜಾಸ್ತಿ. ಇಲ್ಲಿ ಕೂತಿರುವ ಎಷ್ಟೋ ಜನ ಕ್ಯಾಲಿಫೋರ್ನಿಯಾಗೆ ಹೋಗಿ ಬಂದಿದ್ದೀರಿ. ಗೋಲ್ಡನ್ ಗೇಟ್ ಸೇತುವೆ ಮುಂದೆ ಸ್ವೆಟರ್ ಹಾಕಿಕೊಂಡು ನಿಂತ ಫೋಟೋ ನಿಮ್ಮಲ್ಲೂ ಇರುತ್ತೆ, ಅಲ್ವಾ? ಇವತ್ತು ಅದೇ ಊರಿನ ಇನ್ನೊಂದು ಜಾಗದ ಬಗ್ಗೆ ಹೇಳುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನೊಳಗೆ ಇರುವ ಜಪಾನೀಸ್ ಟೀ ಗಾರ್ಡನ್.

ಮಗಳು ಒಂದು ಬೆಳಿಗ್ಗೆ ಕರೆದುಕೊಂಡು ಹೋದಳು. ಮಂಜು ಇನ್ನೂ ಇಳಿಯುತ್ತಿತ್ತು. ಮರದ ದೊಡ್ಡ ಬಾಗಿಲು ದಾಟಿದ ಕೂಡಲೇ ಹೊರಗಿನ ಕಾರುಗಳ ಸದ್ದು ಸಣ್ಣಗಾಯಿತು. ಸುಮಾರು ಐದು ಎಕರೆ ತೋಟ, ಅಷ್ಟೇ. ಆದರೆ ದಾರಿಗಳು ತಿರುಗಿ ತಿರುಗಿ ಹೋಗುವುದರಿಂದ ಎಷ್ಟು ದೊಡ್ಡದು ಅಂತ ಅಂದಾಜೇ ಸಿಗುವುದಿಲ್ಲ.

ಒಳಗೆ ಒಂದು ಮರದ ಸೇತುವೆ ಇದೆ. ಡ್ರಮ್ ಬ್ರಿಜ್ ಅನ್ನುತ್ತಾರೆ. ಅರ್ಧ ಬಳೆಯನ್ನು ನೀರಿನ ಮೇಲೆ ನಿಲ್ಲಿಸಿದ ಹಾಗಿದೆ. ನಡೆದು ದಾಟಲು ಆಗುವುದಿಲ್ಲ, ಏಣಿ ಹತ್ತಿದ ಹಾಗೆ ಹತ್ತಬೇಕು. ನಾನು ಒಂದು ಕೈಯಲ್ಲಿ ಸೀರೆ ನೆರಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಕಟಕಟೆ ಹಿಡಿದು, ಒಂದೊಂದೇ ಪಟ್ಟಿಯ ಮೇಲೆ ಕಾಲಿಟ್ಟು ಹತ್ತಿದೆ. ಅಲ್ಲಿ ಯಾರೂ ಅವಸರ ಮಾಡಲು ಆಗುವುದೇ ಇಲ್ಲ. ಇಳಿದು ದೂರದಿಂದ ನೋಡಿದಾಗ ನೀರಿನಲ್ಲಿ ಅದರ ನೆರಳು ಸೇರಿ ಪೂರ್ತಿ ಬಳೆ ಆಗಿತ್ತು.

ಇನ್ನೊಂದು ಕಡೆ ಕಂಚಿನ ಬುದ್ಧ. 1790ರಲ್ಲಿ ಜಪಾನಿನಲ್ಲಿ ಎರಕ ಹೊಯ್ದದ್ದು, 1949ರಲ್ಲಿ ಈ ತೋಟಕ್ಕೆ ಬಂದದ್ದು. ಬಿಸಿಲಿಗೂ ಮಳೆಗೂ ಮೈಯೊಡ್ಡಿ, ಸೂರಿಲ್ಲದೆ ಕೂತವನು ಅಂತ ಅವನ ಜಪಾನೀ ಹೆಸರಿನ ಅರ್ಥ. ನಮ್ಮ ಶ್ರವಣಬೆಳಗೊಳದ ಗೊಮ್ಮಟನೂ ಹಾಗೇ ಅಲ್ವಾ ನಿಂತಿರುವುದು.

ಆಮೇಲೆ ಟೀ ಮನೆಯಲ್ಲಿ ಕೂತೆವು. ಹಸಿರು ಚಹಾ ಬಂತು, ಜೊತೆಗೆ ಮಡಚಿದ ಒಂದು ಬಿಸ್ಕತ್ತು. ಮುರಿದರೆ ಒಳಗೆ ಚೀಟಿ. ಫಾರ್ಚೂನ್ ಕುಕಿ. ಅಮೆರಿಕದ ಚೀನೀ ಹೋಟೆಲುಗಳಲ್ಲಿ ಊಟ ಮುಗಿದ ಮೇಲೆ ಕೊಡುತ್ತಾರಲ್ಲ, ಅದೇ. ನಾನೂ ಚೀನೀ ತಿಂಡಿ ಅಂದುಕೊಂಡಿದ್ದೆ. "ಇಲ್ಲಮ್ಮ, ಇದನ್ನ ಈ ದೇಶದಲ್ಲಿ ಮೊದಲು ಕೊಟ್ಟವರಲ್ಲಿ ಈ ತೋಟದವರೂ ಒಬ್ಬರಂತೆ" ಅಂದಳು ಮಗಳು. ಯಾರು ಈ ತೋಟದವರು ಅಂತ ಕೇಳಿದೆ. ಮನೆಗೆ ಬಂದು ಓದುತ್ತಾ ಕೂತೆ. ನಿಮಗೆ ಮುಖ್ಯವಾಗಿ ಹೇಳಬೇಕಾದ್ದು ಅದನ್ನೇ.

1894ರಲ್ಲಿ ಆ ಪಾರ್ಕಿನಲ್ಲಿ ಒಂದು ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅದರಲ್ಲಿ ಜಾರ್ಜ್ ಟರ್ನರ್ ಮಾರ್ಷ್ ಎಂಬುವವರು ಜಪಾನೀ ಹಳ್ಳಿಯೊಂದನ್ನು ಮಾಡಿಸಿದ್ದರು. ಪ್ರದರ್ಶನ ಮುಗಿದರೂ ಅದನ್ನು ಕೀಳಲಿಲ್ಲ. ಅದರ ಉಸ್ತುವಾರಿಗೆ ಬಂದವರು ಮಕೋಟೊ ಹಗಿವಾರ. ಸುಮಾರು ಒಂದು ಎಕರೆ ಇದ್ದ ಜಾಗವನ್ನು ಅವರು ಬೆಳೆಸಿದರು. ತಮ್ಮದೇ ದುಡ್ಡು ಹಾಕಿದರು, ಜಪಾನಿನಿಂದ ಗಿಡ, ಮೀನು ತರಿಸಿದರು. ಮನೆಯವರೆಲ್ಲ ತೋಟದೊಳಗೇ ಇದ್ದರು. ಅವರು 1925ರಲ್ಲಿ ತೀರಿಕೊಂಡರು. ಮಗಳು, ಮೊಮ್ಮಕ್ಕಳು ಮುಂದುವರಿಸಿದರು.

1942ರಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಜಪಾನ್ ಜೊತೆ ಯುದ್ಧ ಶುರುವಾಗಿತ್ತು. ಪಶ್ಚಿಮ ಕರಾವಳಿಯಲ್ಲಿದ್ದ ಜಪಾನೀ ಮೂಲದ ಸುಮಾರು 1,20,000 ಜನರನ್ನು ಮನೆ ಬಿಡಿಸಿ ಬೇಲಿಯೊಳಗೆ ಇಟ್ಟರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದವರು, ಆ ದೇಶದ ಪ್ರಜೆಗಳು. ಸ್ಯಾನ್ ಫ್ರಾನ್ಸಿಸ್ಕೋದವರಲ್ಲಿ ಬಹಳ ಮಂದಿಯನ್ನು ಮೊದಲು ಕುದುರೆ ಲಾಯದಲ್ಲಿ ಇಟ್ಟಿದ್ದರು. ಹಗಿವಾರ ಮನೆಯವರೂ ತೋಟ ಬಿಟ್ಟು ಹೋಗಬೇಕಾಯಿತು. ಅವರ ಮನೆಯನ್ನು ಕೆಡವಿದರು. ತೋಟದ ಹೆಸರಿನಿಂದ 'ಜಪಾನೀಸ್' ಕಿತ್ತು 'ಓರಿಯೆಂಟಲ್' ಅಂತ ಇಟ್ಟರು. ಹಳೇ ಹೆಸರು ವಾಪಸ್ ಬಂದದ್ದು 1952ರಲ್ಲಿ. ಆ ಬಿಸ್ಕತ್ತಿನ ಕಥೆಯೂ ಇದೇ. ಮಾಡುತ್ತಿದ್ದ ಜಪಾನೀ ಬೇಕರಿಯವರು ಶಿಬಿರ ಸೇರಿದರು, ಅಂಗಡಿಗಳು ಮುಚ್ಚಿದವು, ವ್ಯಾಪಾರ ಚೀನೀಯರ ಕೈಗೆ ಹೋಯಿತು ಅನ್ನುತ್ತಾರೆ.

ಊರಿಗೆ ಹೊರಡುವಾಗ ಪಕ್ಕದ ಮನೆಯವರಿಗೆ "ಗಿಡಕ್ಕೆ ಸ್ವಲ್ಪ ನೀರು ಹಾಕ್ರೀ" ಅಂತ ಹೇಳಿ ಹೋಗುತ್ತೇವಲ್ಲ, ಹಾಗೆ ಹಗಿವಾರ ಮನೆಯವರು ತಮ್ಮ ಕುಬ್ಜ ಮರಗಳನ್ನು ಸ್ಯಾಮ್ಯುಯೆಲ್ ನ್ಯೂಸಮ್ ಎಂಬ ಪರಿಚಯದವರಿಗೆ ಒಪ್ಪಿಸಿದ್ದರು. ಅವು ಕೈಯಿಂದ ಕೈಗೆ ದಾಟಿ 1960ರ ದಶಕದಲ್ಲಿ ತೋಟಕ್ಕೇ ವಾಪಸ್ ಬಂದವು. ಗುಡ್ಡದ ಇಳಿಜಾರಿನಲ್ಲಿ ಈಗಲೂ ಇವೆ. ಮರಗಳು ಬಂದವು. ತೋಟದ ಕೆಲಸ ಮಾತ್ರ ಹಗಿವಾರ ಮನೆಯವರಿಗೆ ಮತ್ತೆ ಸಿಗಲಿಲ್ಲ.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನನ್ನ ಮಗಳ ಬಾಲ್ಕನಿಯಲ್ಲಿ ಒಂದು ಕರಿಬೇವಿನ ಕುಂಡ ಇದೆ. ಚಳಿಗಾಲ ಬಂದರೆ ಒಳಗೆ ತಂದಿಟ್ಟು ಮಗುವಿನ ಹಾಗೆ ನೋಡಿಕೊಳ್ಳುತ್ತಾಳೆ. ಪರದೇಶದಲ್ಲಿ ನಮ್ಮದು ಅಂತ ಒಂದು ಗಿಡ ಬೆಳೆಸುವುದು ಎಷ್ಟು ಕಷ್ಟ ಅಂತ ಆ ಕುಂಡ ನೋಡಿಯೇ ಗೊತ್ತಾಗುತ್ತೆ. ಅವರು ಬೆಳೆಸಿದ್ದು ಎಕರೆಗಟ್ಟಲೆ.

ವಾಪಸ್ ಬರುವ ವಾರ ಇನ್ನೊಂದು ಸಲ ಹೋಗೋಣ ಅಂತ ಹಠ ಮಾಡಿದೆ. ಈ ಸಲ ಸೇತುವೆ ಕಡೆ ಓಡಲಿಲ್ಲ. ಮುಂಬಾಗಿಲ ಹತ್ತಿರ ಹಗಿವಾರ ಮನೆತನದ ನೆನಪಿಗೆ ಒಂದು ಕಂಚಿನ ಫಲಕ ಇದೆ. ಮೊದಲ ಸಲ ಅದರ ಪಕ್ಕದಲ್ಲೇ ಹಾದು ಹೋಗಿದ್ದೆ, ಕಣ್ಣಿಗೇ ಬಿದ್ದಿರಲಿಲ್ಲ. 1974ರಲ್ಲಿ ಅದನ್ನು ಮಾಡಿದವರು ರೂತ್ ಅಸಾವ ಎಂಬ ಶಿಲ್ಪಿ. ಆಕೆಯೂ 1942ರಲ್ಲಿ, ಹದಿನಾರನೇ ವಯಸ್ಸಿನಲ್ಲಿ, ಮನೆಯವರ ಜೊತೆ ಕುದುರೆ ಲಾಯದಲ್ಲಿ ತಿಂಗಳುಗಟ್ಟಲೆ ಇದ್ದವರು. ಜನ ಟಿಕೆಟ್ ಹಿಡಿದು ಪಕ್ಕದಲ್ಲೇ ಒಳಗೆ ಹೋಗುತ್ತಿದ್ದರು. ನಾನೂ ಮಗಳೂ ಆ ಫಲಕದ ಮುಂದೆ ನಿಂತು, ಅದರ ಮೇಲಿನ ಹೆಸರನ್ನು ಜೋರಾಗಿ ಓದಿಕೊಂಡೆವು.