ಅದೇ ಕೆಲಸ, ಹೊಸ ದಾರಿ

ಕೇಳುಗ ಬಂಧುಗಳೇ, ನಮಸ್ಕಾರ.

ಬೀದರಿನಲ್ಲಿ ಬಿದರಿ ಕೆಲಸ, ಅಂದರೆ ಕಪ್ಪು ಲೋಹದ ಪಾತ್ರೆಯ ಮೇಲೆ ಬೆಳ್ಳಿಯ ಚಿತ್ತಾರ ಕೂರಿಸುವ ಕೆಲಸ ಮಾಡುವವರು ಮಣ್ಣನ್ನು ನಾಲಿಗೆಗೆ ಮುಟ್ಟಿಸಿ ಆರಿಸುತ್ತಾರೆ. ಕೋಟೆಯ ಒಳಗೆ, ಬಿಸಿಲು ಮಳೆ ತಾಗದ ಜಾಗದಲ್ಲಿ ಎಷ್ಟೋ ಕಾಲದಿಂದ ಬಿದ್ದಿರುವ ಮಣ್ಣೇ ಅವರಿಗೆ ಬೇಕು. ಅದರಲ್ಲೂ ಯಾವುದು ಕೆಲಸಕ್ಕೆ ಬಂದೀತು, ಯಾವುದು ಬಾರದು ಎಂದು ತೀರ್ಪು ಕೊಡುವುದು ಕುಶಲಕರ್ಮಿಯ ನಾಲಿಗೆ.

ಆ ಮಣ್ಣಿನಿಂದ ಆಗುವುದೇನು ಎಂಬುದನ್ನು ಬಿಡಿಸಿ ಹೇಳಬೇಕು. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ, ಮರಳಿನ ಅಚ್ಚಿನಲ್ಲಿ ಹೂಜಿಯನ್ನೋ ತಟ್ಟೆಯನ್ನೋ ಎರಕ ಹೊಯ್ಯುತ್ತಾರೆ. ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರುತ್ತಾರೆ. ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಚೂಪಾದ ಉಳಿಯಿಂದ ಬಳ್ಳಿ, ಹೂವು, ಎಲೆಗಳನ್ನು ಬಿಡಿಸುತ್ತಾರೆ. ಗೆರೆ ಬೆಳ್ಳಗೆ ಎದ್ದು ಕಾಣಲಿ ಎಂಬುದಕ್ಕಷ್ಟೇ ಆ ಕಪ್ಪು. ಕೆತ್ತಿದ ತೋಡಿನಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ ಬಡಿಯುತ್ತಾರೆ. ಮತ್ತೆ ಉಜ್ಜಿದಾಗ ಇಡೀ ಪಾತ್ರೆ ಒಂದೇ ಬೂದು ಬಣ್ಣಕ್ಕೆ ತಿರುಗುತ್ತದೆ. ಬೆಳ್ಳಿ ಎಲ್ಲಿದೆ, ಸತು ಎಲ್ಲಿದೆ ಎಂದು ಗುರುತಿಸುವುದೇ ಕಷ್ಟ. ಆಗ ಬರುತ್ತದೆ ಕೋಟೆಯ ಮಣ್ಣು. ಅದನ್ನು ನವಸಾಗರವೆಂಬ ಲವಣದೊಂದಿಗೆ ನೀರಿನಲ್ಲಿ ಕಲಸಿ, ಪಾತ್ರೆಯನ್ನು ಬಿಸಿ ಮಾಡಿ ಹಚ್ಚುತ್ತಾರೆ. ಲೋಹದ ಮೈ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಉಳಿಯುತ್ತದೆ.

ಬಿದರಿ ಕಲೆಗೆ 2006ರಲ್ಲಿ ಭೌಗೋಳಿಕ ಸೂಚ್ಯಂಕದ, ಅಂದರೆ ಇದು ಈ ಊರಿನದೇ ವಿಶೇಷ ಎಂಬ ಮಾನ್ಯತೆ ಸಿಕ್ಕಿತು. ಬೀದರಿನ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. ಇವೆಲ್ಲ ಸಂತೋಷದ ಸಂಗತಿಗಳು. ನನ್ನನ್ನು ಹೆಚ್ಚು ಕಾಡುವುದು ಬೇರೊಂದು ಪ್ರಶ್ನೆ. ಆ ಮಣ್ಣನ್ನು ಮೊದಲು ನಾಲಿಗೆಗೆ ಇಟ್ಟುಕೊಂಡವರು ಯಾರು? ಅವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಒಂದೇ ಪಾತ್ರೆಯನ್ನು ಮತ್ತೆ ಮತ್ತೆ ಮಾಡಿದವರು, ಈ ಸಲ ಕಪ್ಪು ಚೆನ್ನಾಗಿ ಬಂತು, ಕಳೆದ ಸಲ ಏಕೆ ಬರಲಿಲ್ಲ ಎಂದು ತಲೆ ಕೆಡಿಸಿಕೊಂಡವರು ಅವರು ಎಂಬುದಂತೂ ಖಚಿತ.

ದಿನವೂ ಅದೇ ಕೆಲಸ ಮಾಡುವವರಲ್ಲಿ ಸೃಜನಶೀಲತೆ ಎಲ್ಲಿ ಉಳಿಯುತ್ತದೆ ಎಂದು ಕೇಳುವವರು ಬಹಳ ಜನ. ಅವರ ಪ್ರಕಾರ ಹೊಸತು ಹುಟ್ಟುವುದು ಬಿಡುವಿದ್ದವರಿಗೆ, ಪ್ರಯೋಗಾಲಯ ಇದ್ದವರಿಗೆ, ಬೆಂಗಳೂರಿನಲ್ಲಿ ಇರುವವರಿಗೆ. ನಾನು ಇದನ್ನು ಒಪ್ಪುವುದಿಲ್ಲ. ಒಂದು ಕೆಲಸ ಎಲ್ಲಿ ಚುಚ್ಚುತ್ತದೆ, ಎಲ್ಲಿ ಕೈ ನೋಯುತ್ತದೆ, ಎಲ್ಲಿ ಕಾಳು ವ್ಯರ್ಥವಾಗುತ್ತದೆ ಎಂಬುದು ಅದನ್ನು ದಿನವೂ ಮಾಡುವವರಿಗೆ ಗೊತ್ತಾದಷ್ಟು ಬೇರೆ ಯಾರಿಗೂ ಗೊತ್ತಾಗುವುದಿಲ್ಲ. ಕಣ್ಣು ತೆರೆದು ಮಾಡಿದರೆ ಅದೇ ಅದೇ ಕೆಲಸವೇ ಹೊಸತಿನ ತವರು.

ನಮ್ಮ ಮನೆಗಳ ರೊಟ್ಟಿಯನ್ನೇ ನೋಡಿ. ಗೋಧಿಯ ಹಿಟ್ಟನ್ನು ಹಿಡಿದಿಡುವ ಅಂಟು ಜೋಳದಲ್ಲಿ ಇಲ್ಲ. ತಣ್ಣೀರಿನಲ್ಲಿ ಕಲಸಿದರೆ ತಟ್ಟುವಾಗಲೇ ಅಂಚು ಬಿರಿಯುತ್ತದೆ. ಆದ್ದರಿಂದ ಕುದಿಯುವ ಎಸರು ಹಾಕುತ್ತಾರೆ. ಬಿಸಿನೀರಿಗೆ ಜೋಳದ ಪಿಷ್ಟ ಅರಳಿ ಜಿಗಿ ಬರುತ್ತದೆ. ಹಿಟ್ಟು ಹಳತಾಗಿ ಜಿಗಿ ಹಾರಿದ್ದರೆ ಎಸರನ್ನು ಹೆಚ್ಚಿಸಿ, ಇನ್ನಷ್ಟು ನಾದುತ್ತಾರೆ. ಹಂಚಿನ ಮೇಲೆ ಹಾಕಿದ ಕೂಡಲೇ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ಇಷ್ಟೂ ರಸಾಯನಶಾಸ್ತ್ರ ಯಾವ ಪುಸ್ತಕವೂ ಇಲ್ಲದೆ ಅಡುಗೆಮನೆಯಲ್ಲಿ ಕೂಡಿ ಬಂದಿದೆ. ಅದೇ ರೊಟ್ಟಿಯನ್ನು ತೆಳ್ಳಗೆ ಬಡಿದು, ಒಣಗಿಸಿ, ಕಟಕ ರೊಟ್ಟಿ ಮಾಡಿ ತಿಂಗಳುಗಟ್ಟಲೆ ಇಡಬಹುದು ಎಂದು ಕಂಡುಕೊಂಡವರೂ ಹೆಂಗಸರೇ. ಇಂದು ಸ್ವಸಹಾಯ ಸಂಘಗಳ ಮಹಿಳೆಯರು ಕಲಬುರಗಿ ರೊಟ್ಟಿ ಎಂಬ ಹೆಸರಿನಲ್ಲಿ ಅದನ್ನು ದೂರದ ಊರುಗಳಿಗೂ ಮಾರುತ್ತಿದ್ದಾರೆ. ಬಣ್ಣದ ಪೊಟ್ಟಣ, ಆನ್‌ಲೈನ್ ಮಾರಾಟ ಬಂದಮೇಲಷ್ಟೇ ಇದು ನಾವೀನ್ಯ ಎಂದು ಜನ ಹೇಳತೊಡಗಿದರು. ಎಸರು ಹಾಕುವುದನ್ನು ಕಂಡುಕೊಂಡ ಕೈಗೆ ಆ ಮರ್ಯಾದೆ ಯಾವಾಗಲೋ ಸಲ್ಲಬೇಕಾಗಿತ್ತು.

ಇನ್ನು ತೊಗರಿ. ತೊಗರಿಯ ಕಣಜವೆನಿಸಿದ ಈ ಕಲಬುರಗಿ ಸೀಮೆಯಲ್ಲಿ ಕುಳಿತು ತೊಗರಿಯ ಮಾತನಾಡದೆ ಇರಲಾದೀತೇ? ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದ್ದು ನಿಮಗೆ ಗೊತ್ತಿದೆ. ಈ ಬೆಳೆಯಲ್ಲಿ ಒಂದು ಕೆಲಸವಿದೆ, ಕುಡಿ ಚಿವುಟುವುದು. ಬಿತ್ತಿದ ಸುಮಾರು 45ರಿಂದ 50 ದಿನಕ್ಕೆ, ನೆಲದಲ್ಲಿ ಹಸಿ ಇರುವಾಗ, ಗಿಡದ ತುದಿಯನ್ನು ಎರಡು ಅಂಗುಲದಷ್ಟು ಕಿತ್ತುಹಾಕುವುದು. ಗಿಡದ ತುದಿಯಲ್ಲಿ ಹುಟ್ಟುವ ಒಂದು ಚೋದಕ ಪಕ್ಕದ ಮೊಗ್ಗುಗಳನ್ನು ಬೆಳೆಯಲು ಬಿಡುವುದಿಲ್ಲ. ತುದಿ ಹೋದರೆ ಆ ತಡೆ ಹೋಗುತ್ತದೆ. ಪಕ್ಕದ ಕೊಂಬೆಗಳು ಒಡೆಯುತ್ತವೆ. ಕೊಂಬೆ ಹೆಚ್ಚಿದಷ್ಟೂ ಹೂವು, ಹೂವು ಹೆಚ್ಚಿದಷ್ಟೂ ಕಾಯಿ. ಆದರೆ ಹೂವು ಬಂದ ಮೇಲೆ ಚಿವುಟಿದರೆ ನಷ್ಟವೇ ಸರಿ.

ಕೃಷಿ ವಿಶ್ವವಿದ್ಯಾಲಯದವರು, ಕೃಷಿ ವಿಜ್ಞಾನ ಕೇಂದ್ರದವರು ಇದನ್ನು ಊರೂರಿಗೆ ಹೋಗಿ ಹೇಳಿದ್ದಾರೆ, ಅದಕ್ಕೆ ಅವರಿಗೆ ಕೃತಜ್ಞತೆ ಸಲ್ಲಬೇಕು. ಆದರೆ ನಮ್ಮ ಹೆಂಗಸರು ಹಿಂಗಾರಿಯ ಕಡಲೆ ಹೊಲದಲ್ಲಿ ಇದೇ ಕೆಲಸವನ್ನು ತಲೆತಲಾಂತರದಿಂದ ಮಾಡುತ್ತಾ ಬಂದಿದ್ದಾರೆ. ಎಳೆ ಕುಡಿಯನ್ನು ಪಲ್ಯಕ್ಕೆಂದು ಚಿವುಟಿ ಮಡಿಲು ತುಂಬಿಕೊಂಡು ಮನೆಗೆ ತರುತ್ತಿದ್ದರು. ಮನೆಗೆ ಪಲ್ಯವಾಯಿತು, ಹೊಲದಲ್ಲಿ ಗಿಡ ಕವಲೊಡೆಯಿತು. ಅದೇ ಕಡಲೆ ಗಿಡದ ಮೇಲೆ ಚಳಿಗಾಲದ ರಾತ್ರಿ ತೆಳುವಾದ ಬಿಳಿ ಬಟ್ಟೆ ಹಾಸಿ, ಬೆಳಗಿನ ಜಾವ ಇಬ್ಬನಿಯೊಂದಿಗೆ ಇಳಿದ ಹುಳಿಯನ್ನು ಹಿಂಡಿ ಶೀಸೆಯಲ್ಲಿಟ್ಟು, ಹೊಟ್ಟೆನೋವಿಗೆ ಹನಿ ಹನಿಯಾಗಿ ಕೊಡುತ್ತಿದ್ದ ಅಜ್ಜಿಯರು ನಮ್ಮಲ್ಲಿದ್ದಾರೆ. ಗಿಡದ ಮೈ ಹುಳಿ ಎಂದು ತಿಳಿಯಲು ಒಮ್ಮೆ ಬೆರಳು ನೆಕ್ಕಿದರೆ ಸಾಕು. ಆ ಹುಳಿಯನ್ನು ಬಟ್ಟೆಯಿಂದ ಹಿಡಿಯಬಹುದು ಎಂದು ಹೊಳೆಯಬೇಕಾದರೆ ಎಂಥ ಗಮನ ಬೇಕು ನೋಡಿ!

ಮತ್ತೆ ತೊಗರಿಗೆ ಬರುತ್ತೇನೆ. ಎಕರೆಗಟ್ಟಲೆ ಹೊಲದಲ್ಲಿ ಕೈಯಿಂದ ಕುಡಿ ಚಿವುಟುವುದು ಬೆನ್ನು ಮುರಿಯುವ ಕೆಲಸ, ಆಳುಗಳು ಸಿಗುವುದೂ ಕಷ್ಟ. ಈಗ ಉದ್ದನೆಯ ಕೋಲಿನ ತುದಿಗೆ ಪುಟ್ಟ ಮೋಟಾರು, ಅದಕ್ಕೊಂದು ತಿರುಗುವ ಅಲಗು, ಬೆನ್ನ ಮೇಲೆ ಔಷಧಿ ಸಿಂಪಡಿಸುವ ಪಂಪಿನ ಬ್ಯಾಟರಿ, ಇಷ್ಟು ಕಟ್ಟಿಕೊಂಡು ಸಾಲಿನುದ್ದಕ್ಕೂ ನಡೆಯುತ್ತಾ ಕುಡಿ ಸವರುವುದನ್ನು ನಮ್ಮ ಹೊಲಗಳಲ್ಲಿ ನೋಡಬಹುದು. ಬ್ಯಾಟರಿ ಮನೆಯಲ್ಲಿಯೇ ಇತ್ತು. ಅದಕ್ಕೆ ಎರಡನೆಯ ಕೆಲಸ ಹಚ್ಚಿದ್ದು ಜಾಣತನ. ಎತ್ತು ಕಟ್ಟಲಾಗದ ಸಣ್ಣ ರೈತರು ಹಳೆಯ ಸೈಕಲ್ಲಿನ ಗಾಲಿಗೆ ಕುಂಟೆಯ ಅಲಗು ಬೆಸೆದು ಎಡೆ ಹೊಡೆಯುವುದೂ ಇದೇ ಜಾತಿಯ ಕೆಲಸ. ಕಾಯಿಕೊರಕದ ಹುಳು ಔಷಧಿಗೂ ಬಗ್ಗದೆ ನಿಂತಾಗ, ಗಿಡದ ಬುಡದಲ್ಲಿ ಬಟ್ಟೆ ಹಾಸಿ, ಗಿಡವನ್ನು ಮೆಲ್ಲಗೆ ಅಲುಗಾಡಿಸಿ, ಬಿದ್ದ ಹುಳುಗಳನ್ನು ಆಯ್ದು ನಾಶ ಮಾಡಿದ ರೈತರೂ ನಮ್ಮವರೇ. ಅದಕ್ಕೆ ಬೇಕಾದದ್ದು ಒಂದು ಹಳೆಯ ಸೀರೆ ಮತ್ತು ನಾಲ್ಕು ಕೈಗಳು.

ಹೊರಗಿನಿಂದ ಬಂದದ್ದನ್ನು ನಮ್ಮದಾಗಿಸಿಕೊಳ್ಳುವುದೂ ನಾವೀನ್ಯವೇ ಎಂಬುದಕ್ಕೆ ಬೀದರಿನ ನೌಬಾದಿನ ಸುರಂಗ ಬಾವಿ ಸಾಕ್ಷಿ. ಪರ್ಷಿಯಾದ ಕರೇಜ್ ವಿದ್ಯೆ ಅದು. ಬಹಮನಿಗಳ ಕಾಲದಲ್ಲಿ, 15ನೆಯ ಶತಮಾನದಲ್ಲಿ ಇಲ್ಲಿಗೆ ಬಂತು. ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲು ಮಳೆನೀರನ್ನು ಹೀರಿ ಕೆಳಗಿಳಿಸುತ್ತದೆ, ಅಡಿಯ ಕರಿಕಲ್ಲು ಆ ನೀರನ್ನು ತಡೆಯುತ್ತದೆ. ಈ ಗುಟ್ಟು ತಿಳಿದು, ಸುಮಾರು ಮೂರು ಕಿಲೋಮೀಟರ್ ಉದ್ದಕ್ಕೆ ಇಳಿಜಾರಾಗಿ ಸುರಂಗ ತೋಡಿ, ಗಾಳಿ ಬೆಳಕಿಗೆಂದು ಮೇಲಿನಿಂದ ಬಾವಿಗಳನ್ನು ಕೊರೆದರು. ನೀರು ತಾನಾಗಿಯೇ ಹರಿಯಿತು.

ಹಳ್ಳಿಯ ಹಿರಿಯರಿಗೆ ಹಗೇವು ನೆನಪಿರಬೇಕು. ನೆಲದೊಳಗಿನ ಆ ಗುಂಡಿಗೆ ಸುತ್ತಲೂ ಹುಲ್ಲು ಹಾಸಿ ಜೋಳ ತುಂಬಿ ಮುಚ್ಚಿದರೆ, ಕಾಳಿನ ಉಸಿರಾಟವೇ ಒಳಗಿನ ಆಮ್ಲಜನಕವನ್ನು ಮುಗಿಸಿ ಹುಳುವನ್ನು ಸಾಯಿಸುತ್ತಿತ್ತು. ಅದೇ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಅದಕ್ಕೇ ಬಾಯಿ ತೆರೆದು ಸಾಕಷ್ಟು ಹೊತ್ತು ಕಾದು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಉಪಾಯದ ಜೊತೆಗೇ ಎಚ್ಚರವನ್ನೂ ಕಲಿಸಿದ ಹಿರಿಯರು ಅವರು.

ಎಚ್ಚರದ ಮಾತು ಬಂದದ್ದರಿಂದ ಇನ್ನೊಂದನ್ನು ಗಟ್ಟಿಯಾಗಿ ಹೇಳಬೇಕೆನಿಸುತ್ತದೆ. ಹೇಗೋ ಮಾಡಿ ಕೆಲಸ ಸಾಗಿಸುವುದನ್ನೆಲ್ಲ ಸೃಜನಶೀಲತೆ ಎಂದು ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಬರಿ ತಂತಿ ಸಿಕ್ಕಿಸಿ ಮೋಟಾರು ಓಡಿಸುವುದು ಉಪಾಯವಲ್ಲ, ಅಪಾಯ. ಬೇಸಿಗೆಯಲ್ಲಿ ಬಿಸಿಲು 44, 45 ಡಿಗ್ರಿ ಮುಟ್ಟುವ ನಮ್ಮ ಊರುಗಳಲ್ಲಿ ತಾಯಂದಿರು ಒಂದೇ ಸಲಕ್ಕೆ ಮೂರು ಕೊಡ ಹೊರುವ ಚಾಣಾಕ್ಷತನವನ್ನು ಕಂಡು ಮೆಚ್ಚಿ ಫೋಟೋ ತೆಗೆದುಕೊಳ್ಳುವವರಿದ್ದಾರೆ. ಆ ತಾಯಿಗೆ ಬೇಕಾದದ್ದು ಮನೆಯ ಮುಂದಿನ ನಲ್ಲಿಯಲ್ಲಿ ನೀರು. ಕೊರತೆಯನ್ನು ಮೆರವಣಿಗೆ ಮಾಡುವುದರಿಂದ ಕೊರತೆ ನೀಗುವುದಿಲ್ಲ. ಸರಕಾರದ ಹೊಣೆಯನ್ನು ಬಡವರ ಜಾಣತನದ ಮೇಲೆ ಹೊರಿಸುವುದು ಅನ್ಯಾಯ.

ಹಾಗಾದರೆ ನಾವು, ನೀವು ಮಾಡಬಹುದಾದದ್ದು ಏನು? ನಿಮ್ಮ ದಿನದ ಕೆಲಸದಲ್ಲಿ ಅತಿ ಹೆಚ್ಚು ಬೇಸರ ತರಿಸುವ ಒಂದು ಹಂತವನ್ನು ಹಿಡಿದುಕೊಳ್ಳಿ. ಬಟ್ಟೆ ಹಿಂಡುವುದಿರಲಿ, ಬೇಳೆ ಹಸನು ಮಾಡುವುದಿರಲಿ, ಅಂಗಡಿಯ ಉದ್ರಿ ಲೆಕ್ಕ ಬರೆಯುವುದಿರಲಿ. ಅದರಲ್ಲಿ ಒಂದನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಹಾಗೆಯೇ ಬಿಡಿ. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಫಲ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ರೈತರಾದರೆ ಹೊಸ ಪದ್ಧತಿಯನ್ನು ನಾಲ್ಕು ಸಾಲಿಗೆ ಮಾಡಿ, ಪಕ್ಕದ ನಾಲ್ಕು ಸಾಲನ್ನು ಹಳೆಯ ಪದ್ಧತಿಗೇ ಬಿಡಿ. ರಾಶಿ ಮಾಡುವಾಗ ಎರಡನ್ನೂ ಬೇರೆ ಬೇರೆ ತೂಗಿ. ವಿಜ್ಞಾನಿಗಳು ಮಾಡುವುದೂ ಇದನ್ನೇ.

ಶಾಲೆಯ ಶಿಕ್ಷಕರಲ್ಲಿ ನನ್ನದೊಂದು ವಿನಂತಿ ಇದೆ. ಕೇಂದ್ರ ಸರಕಾರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಮಕ್ಕಳು ತಮಗೆ ಹೊಳೆದ ಉಪಾಯವನ್ನು ಶಾಲೆಯ ಮೂಲಕ ಕಳುಹಿಸಬಹುದು, ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಸಿಗುತ್ತದೆ. ಗುಜರಾತಿನಲ್ಲಿ 2000ದಲ್ಲಿ ಆರಂಭವಾದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ರೈತರ, ಕುಶಲಕರ್ಮಿಗಳ ಆವಿಷ್ಕಾರಗಳನ್ನು ದಾಖಲಿಸುತ್ತದೆ. ವಿಜ್ಞಾನ ಮೇಳ ಬಂದಾಗ ಪೇಟೆಯಿಂದ ಥರ್ಮಾಕೋಲ್ ತಂದು ಜ್ವಾಲಾಮುಖಿ ಮಾಡಿಸುವುದನ್ನು ದಯವಿಟ್ಟು ಬಿಡಿ. ಸುರಪುರದ ಮಗು ತನ್ನ ಓಣಿಯ ಕೌದಿ ಹೊಲಿಯುವ ಅಜ್ಜಿಯ ಬಳಿ ಕುಳಿತುಕೊಳ್ಳಲಿ. ಸವೆದ ಬಟ್ಟೆಯನ್ನು ಒಳಗೆ ಹಾಕಿ, ಗಟ್ಟಿ ಉಳಿದ ಸೀರೆಯನ್ನು ಮೇಲೆ ಹಾಕುವುದು ಏಕೆ ಎಂದು ಕೇಳಲಿ. ಶಹಾಬಾದಿನ ಮಗು ನೆಲಕ್ಕೆ ಹಾಸುವ ಫರ್ಸಿ ಕಲ್ಲು ಏಕೆ ಪದರು ಪದರಾಗಿ ಏಳುತ್ತದೆ ಎಂದು ಗಣಿಯಲ್ಲಿ ದುಡಿದ ತಾತನನ್ನು ವಿಚಾರಿಸಲಿ. ಕೇಳಿದ್ದನ್ನು ನೋಟುಪುಸ್ತಕದಲ್ಲಿ ಬರೆಯಲಿ, ಚಿತ್ರ ಬಿಡಿಸಲಿ. ಮತ್ತು ಪ್ರತಿ ಪುಟದ ಮೇಲ್ಗಡೆ ಆ ಉಪಾಯವನ್ನು ಹೇಳಿಕೊಟ್ಟವರ ಹೆಸರು, ಓಣಿ, ಊರು ದೊಡ್ಡ ಅಕ್ಷರಗಳಲ್ಲಿ ಇರಲಿ.

ನಮಸ್ಕಾರ.