ಎಮಿಲಿ ರೋಬ್ಲಿಂಗ್ ಮತ್ತು ಬ್ರೂಕ್ಲಿನ್ ಸೇತುವೆ

ಮಕ್ಕಳೇ, ಅಮೆರಿಕದ ಇತಿಹಾಸ ಅಂದ ಕೂಡಲೇ ನಿಮಗೆ ಲಿಂಕನ್ ನೆನಪಾಗ್ತಾರೆ, ಅಲ್ವಾ? ಇವತ್ತು ನಾನು ಹೇಳುವುದು ಒಂದು ಸೇತುವೆಯ ಕಥೆ.

ಆಗ ನ್ಯೂಯಾರ್ಕ್ ಮತ್ತು ಬ್ರೂಕ್ಲಿನ್ ಬೇರೆ ಬೇರೆ ಊರುಗಳು. ನಡುವೆ ಈಸ್ಟ್ ರಿವರ್. ಆಚೆ ಹೋಗಬೇಕೆಂದರೆ ದೋಣಿಯೇ ಗತಿ. ಇಲ್ಲಿಗೊಂದು ತೂಗುಸೇತುವೆ ಕಟ್ಟಲು ಹೊರಟವರು ಜರ್ಮನಿಯಿಂದ ವಲಸೆ ಬಂದಿದ್ದ ಎಂಜಿನಿಯರ್ ಜಾನ್ ರೋಬ್ಲಿಂಗ್. 1869ರಲ್ಲಿ ಜಾಗ ಅಳೆಯುತ್ತಿದ್ದಾಗ ದೋಣಿಯೊಂದು ಕಟ್ಟೆಗೆ ಗುದ್ದಿ ಅವರ ಪಾದ ಜಜ್ಜಿಹೋಯಿತು. ಧನುರ್ವಾಯು ಬಂದು ತೀರಿಕೊಂಡರು. ಹೊಣೆ ಮಗ ವಾಷಿಂಗ್ಟನ್ ಹೆಗಲಿಗೆ ಬಿತ್ತು. ವಯಸ್ಸು 32.

ನದಿಯ ತಳದಲ್ಲಿ ಅಡಿಪಾಯ ಹಾಕುವುದು ಹೇಗೆ? ಒಂದು ಲೋಟವನ್ನು ಬೋರಲು ಹಿಡಿದು ಬಕೆಟ್ ನೀರಿನೊಳಕ್ಕೆ ಒತ್ತಿ ನೋಡಿ. ಒಳಗಿನ ಗಾಳಿ ನೀರನ್ನು ಬಿಟ್ಟುಕೊಳ್ಳುವುದಿಲ್ಲ. ಹಾಗೆಯೇ ತಳವಿಲ್ಲದ ಭಾರಿ ಮರದ ಪೆಟ್ಟಿಗೆಯನ್ನು ನದಿಗೆ ಇಳಿಸಿ, ಒತ್ತಡದ ಗಾಳಿ ತುಂಬಿದರು. ಕೂಲಿಗಳು ಅದರೊಳಗೆ ನಿಂತು ಕೆಸರು, ಬಂಡೆ ಅಗೆದರು. ಆದರೆ ಮೇಲೆ ಬಂದ ಮೇಲೆ ಕೆಲವರಿಗೆ ಕೀಲುಗಳಲ್ಲಿ ವಿಪರೀತ ನೋವು. ಕೆಲವರು ಸತ್ತೇಹೋದರು. ಒತ್ತಡದಿಂದ ಬೇಗ ಹೊರಬಂದರೆ ರಕ್ತದಲ್ಲಿ ಗಾಳಿಗುಳ್ಳೆ ಏಳುತ್ತವೆ. ಆಗ ಇದು ಅಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. 1872ರಲ್ಲಿ ವಾಷಿಂಗ್ಟನ್ ಕೂಡ ಇದೇ ಕಾಯಿಲೆಯಿಂದ ಕುಸಿದುಬಿದ್ದರು.

ಮುಂದೆ ಅವರು ಮನೆಯ ಕಿಟಕಿಯಿಂದ ದುರ್ಬೀನು ಹಿಡಿದು ಕೆಲಸ ನೋಡುತ್ತಿದ್ದರು. ಸ್ಥಳಕ್ಕೆ ಓಡಾಡಿದವರು ಹೆಂಡತಿ ಎಮಿಲಿ. ಗಂಡನ ಮಾತನ್ನು ಸುಮ್ನೆ ಒಯ್ದು ಮುಟ್ಟಿಸಿದರು ಅಂದುಕೊಳ್ಳಬೇಡಿ. ಗಣಿತ ಕಲಿತರು, ಕೇಬಲ್ ಕಟ್ಟುವ ರೀತಿ ಕಲಿತರು, ಎಂಜಿನಿಯರುಗಳ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ನಿಜವಾದ ಎಂಜಿನಿಯರ್ ಇವರೇ ಇರಬೇಕು ಎಂದು ಊರಲ್ಲಿ ಗುಸುಗುಸು ಬೇರೆ!

ಈ ನಡುವೆ ಒಂದು ಮೋಸವೂ ನಡೆಯಿತು. ತಂತಿ ಪೂರೈಸುತ್ತಿದ್ದ ಲಾಯ್ಡ್ ಹೇಗ್ ಎಂಬಾತ ಪರೀಕ್ಷೆಗೆ ಒಳ್ಳೆಯ ತಂತಿ ತೋರಿಸುತ್ತಿದ್ದ. ಗಾಡಿ ಸೇತುವೆ ಮುಟ್ಟುವ ಮೊದಲೇ ಕಳಪೆ ತಂತಿ ಅದಲುಬದಲಾಗುತ್ತಿತ್ತು. 1878ರಲ್ಲಿ ಸಿಕ್ಕಿಬೀಳುವಷ್ಟರಲ್ಲಿ ಬಹಳಷ್ಟು ಕಳಪೆ ತಂತಿ ಕೇಬಲಿಗೆ ಸೇರಿಹೋಗಿತ್ತು. ಬಿಚ್ಚಿ ತೆಗೆಯುವಂತಿರಲಿಲ್ಲ. ಆದರೆ ಕೇಬಲ್ ಬೇಕಾದದ್ದಕ್ಕಿಂತ 6 ಪಟ್ಟು ಗಟ್ಟಿ ಇರಲಿ ಎಂದೇ ಲೆಕ್ಕ ಹಾಕಿದ್ದರು. ಕಳಪೆ ತಂತಿ ಸೇರಿದರೂ 5 ಪಟ್ಟಂತೂ ಉಳಿಯುತ್ತದೆ ಎಂದರು ವಾಷಿಂಗ್ಟನ್. ಪ್ರತಿ ಕೇಬಲಿಗೆ 150 ತಂತಿ ಜಾಸ್ತಿ ಸೇರಿಸಿ ಮುಂದುವರಿದರು. ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾಗುವುದು ಈ ಲೆಕ್ಕ.

ಸೇತುವೆ ತೆರೆದದ್ದು 1883ರ ಮೇ 24ರಂದು. ಅದಕ್ಕೆ ಮುಂಚೆಯೇ ಕುದುರೆಗಾಡಿಯಲ್ಲಿ ಮೊದಲು ದಾಟಿದವರು ಎಮಿಲಿ. ಜೊತೆಗೊಂದು ಜೀವಂತ ಹುಂಜ, ಗೆಲುವಿನ ಗುರುತಾಗಿ. ಒಂದು ವಾರದೊಳಗೆ ಸೇತುವೆ ಬೀಳುತ್ತಿದೆ ಎಂಬ ಗಾಬರಿಗೆ ನೂಕುನುಗ್ಗಲಾಗಿ 12 ಜನ ಸತ್ತರು. ಮರುವರ್ಷ ಸರ್ಕಸ್ ಮಾಲೀಕ ಬಾರ್ನಮ್ 21 ಆನೆಗಳನ್ನು ಅದರ ಮೇಲೆ ನಡೆಸಿಬಿಟ್ಟ. ತನ್ನ ಸರ್ಕಸ್ಸಿಗೂ ಪ್ರಚಾರ, ಜನರಿಗೂ ಧೈರ್ಯ.

ಎಮಿಲಿ ಅಲ್ಲಿಗೇ ನಿಲ್ಲಲಿಲ್ಲ. 50 ದಾಟಿದ ಮೇಲೆ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ 1899ರಲ್ಲಿ ಸರ್ಟಿಫಿಕೇಟ್ ಪಡೆದರು. 1903ರಲ್ಲಿ ತೀರಿಕೊಂಡರು. ಕಾಯಿಲೆಯ ಗಂಡ 1926ರವರೆಗೆ ಬದುಕಿದರು! ಸೇತುವೆಯ ಮೇಲೆ ಎಮಿಲಿ ಹೆಸರಿನ ಫಲಕ ಬಂದದ್ದು ಮಾತ್ರ 1951ರಲ್ಲಿ.