ಬಿಪಿ ಚೀಟಿಯನ್ನು ಓದುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಡಿಕೆ ಕೊನೆ ಕೊಯ್ಲಿನ ಗಡಿಬಿಡಿಯಲ್ಲಿ ಬಿಡುವು ಮಾಡಿಕೊಂಡು ಬಂದಿದ್ದೀರಿ. ನೇರ ವಿಷಯಕ್ಕೆ ಬರುತ್ತೇನೆ.

ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಈಗ ಎಷ್ಟೋ ಮನೆಗಳಲ್ಲಿ ಬಿಪಿ ಮಷಿನ್ ಇದೆ. ಬೆಂಗಳೂರಲ್ಲಿರುವ ಮಗನೋ ಮಗಳೋ ಕಳಿಸಿರುತ್ತಾರೆ. ಮಷಿನ್ ಜೊತೆಗೆ ಗಾಬರಿಯೂ ಬರುತ್ತದೆ. ಬೆಳಿಗ್ಗೆ ನೋಡಿದರೆ 148, ಹತ್ತು ನಿಮಿಷ ಬಿಟ್ಟು 136, ಸಂಜೆ 128. ‘ಡಾಕ್ಟ್ರೇ, ಮಷಿನ್ ಹಾಳಾಗಿದೆ’ ಅಂತ ಫೋನ್ ಮಾಡುತ್ತಾರೆ. ಬಹಳ ಸಲ ಮಷಿನ್ ಸರಿಯಾಗಿಯೇ ಇರುತ್ತದೆ. ಬಿಪಿ ಇರುವುದೇ ಹಾಗೆ, ಗಳಿಗೆಗೊಂದು ತರ. ಒಂದು ದಿನದ ಮಳೆ ನೋಡಿ ಆ ವರ್ಷದ ಮಳೆ ಎಷ್ಟು ಅಂತ ಆಗುಂಬೆಯವರು ಹೇಳುತ್ತಾರಾ? ಇದೂ ಅಷ್ಟೇ.

ಮೇಲಿನ ನಂಬರ್ ಹೃದಯ ರಕ್ತ ತಳ್ಳುವಾಗಿನ ಒತ್ತಡ. ಕೆಳಗಿನದು ಎರಡು ಬಡಿತದ ನಡುವಿನದು. ಸ್ಟೆತಾಸ್ಕೋಪ್ ಇಟ್ಟು ಸದ್ದು ಕೇಳಿ ಬಿಪಿ ನೋಡುವ ವಿಧಾನವನ್ನು 1905ರಲ್ಲಿ ರಷ್ಯಾದ ಡಾಕ್ಟರ್ ನಿಕೊಲಾಯ್ ಕೊರೊಟ್ಕಾಫ್ ತಿಳಿಸಿದರು. ನಿಮ್ಮ ಮನೆಯ ಮಷಿನ್ ಸಾಮಾನ್ಯವಾಗಿ ಸದ್ದು ಕೇಳುವುದಿಲ್ಲ. ನಾಡಿ ಬಡಿದಾಗ ತೋಳಿಗೆ ಕಟ್ಟಿದ ಪಟ್ಟಿಯಲ್ಲಿ ಆಗುವ ಸಣ್ಣ ಅದುರನ್ನು ಹಿಡಿದು ಲೆಕ್ಕ ಹಾಕುತ್ತದೆ. ಕೈ ಅಲ್ಲಾಡಿದರೆ ಆ ಲೆಕ್ಕ ತಪ್ಪುತ್ತದೆ. ನಾಡಿ ಏರುಪೇರಾಗಿ ಬಡಿಯುವವರಲ್ಲೂ ತಪ್ಪಬಹುದು. ಮಷಿನ್ ಮೇಲೆ ನಾಡಿ ಏರುಪೇರಿನ ಗುರುತು ಪದೇ ಪದೇ ಬಂದರೆ ಒಂದು ಇಸಿಜಿ ಮಾಡಿಸಿ.

ಇನ್ನು ಕೂರುವ ವಿಷಯ. ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಏಕೆಂದರೆ ಅರ್ಧ ಗಾಬರಿ ಹುಟ್ಟುವುದು ಇಲ್ಲೇ. ಜಗಲಿ ಮೇಲೆ ಕೂತು, ಕೈಯನ್ನು ಪಕ್ಕಕ್ಕೆ ಇಳಿಬಿಟ್ಟು, ಬಾಯಲ್ಲಿ ಕವಳ ಹಾಕಿಕೊಂಡು, ‘ದನ ಕಟ್ಟಿದ್ಯಾ’ ಅಂತ ಕೂಗುತ್ತಾ ಬಟನ್ ಒತ್ತಿದರೆ ಬರುವ ನಂಬರ್ ಯಾವ ಲೆಕ್ಕಕ್ಕೂ ಬರುವುದಿಲ್ಲ. ತೋಳಿನ ಪಟ್ಟಿ ಎದೆಯ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ ಸುಮ್ನೆ ಏಳೆಂಟು ಅಂಕ ಜಾಸ್ತಿ ತೋರಿಸುತ್ತದೆ. ಮಾತಾಡಿದರೂ ಏರುತ್ತದೆ, ಮೂತ್ರ ಕಟ್ಟಿಕೊಂಡು ಕೂತರೂ ಏರುತ್ತದೆ. ಕಾಲ ಮೇಲೆ ಕಾಲು ಹಾಕಿಕೊಂಡರೂ ಅಷ್ಟೇ. ನೋಡುವ ಅರ್ಧ ಗಂಟೆ ಮುಂಚೆ ಕಾಫಿ, ಬೀಡಿ, ಹೊಗೆಸೊಪ್ಪು, ತೋಟದ ಕೆಲಸ ಯಾವುದೂ ಬೇಡ. ಬೆನ್ನಿಗೆ ಆಸರೆ ಇರುವ ಕುರ್ಚಿ, ಪಾದ ನೆಲದ ಮೇಲೆ, ಕೈ ಮೇಜಿನ ಮೇಲೆ, ಪಟ್ಟಿ ಬರಿ ತೋಳಿಗೆ. ಐದು ನಿಮಿಷ ಸುಮ್ಮನೆ ಕೂತು ಆಮೇಲೆ ಒತ್ತಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೂ ನಂಬರ್ ಏರುತ್ತದೆ. ಮಷಿನ್ ಜೊತೆ ಬರುವ ಪಟ್ಟಿ ಹೆಚ್ಚಾಗಿ 22ರಿಂದ 32 ಸೆಂಟಿಮೀಟರ್ ಸುತ್ತಳತೆಗೆ. ಟೇಪ್ ಹಿಡಿದು ತೋಳನ್ನು ಒಮ್ಮೆ ಅಳೆದುಬಿಡಿ. ಮಣಿಕಟ್ಟಿನ ಮಷಿನ್‌ಗಿಂತ ತೋಳಿನದೇ ವಾಸಿ.

ಬೆಳಿಗ್ಗೆ ಎದ್ದು ಒಂದು ಗಂಟೆಯೊಳಗೆ, ಮಾತ್ರೆ ಮತ್ತು ತಿಂಡಿಗೆ ಮುಂಚೆ, ಒಂದು ನಿಮಿಷ ಬಿಟ್ಟು ಎರಡು ಸಲ. ರಾತ್ರಿ ಮಲಗುವ ಮುಂಚೆ ಹಾಗೇ ಎರಡು ಸಲ. ಏಳು ದಿನ. ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ಮೊದಲ ದಿನದ್ದನ್ನು ಬಿಟ್ಟುಬಿಡಿ, ಅವತ್ತು ಎಲ್ಲರಿಗೂ ಸ್ವಲ್ಪ ಅಂಜಿಕೆ. ಉಳಿದದ್ದರ ಸರಾಸರಿ ತೆಗೆಯಿರಿ.

ಯಾಕೆ ಸರಾಸರಿ? ಒಂದು ದಿನದ ಲೆಕ್ಕ ಹೇಳುತ್ತೇನೆ. 142/88, 138/86, 134/84, 130/82. ಹೆದರುವ ಸ್ವಭಾವದವರು 142 ಹಿಡಿದುಕೊಂಡು ರಾತ್ರಿಯಿಡೀ ನಿದ್ದೆ ಮಾಡುವುದಿಲ್ಲ. ಇನ್ನು ಕೆಲವರು ಒಳ್ಳೆ ನಂಬರ್ ಬರುವ ತನಕ ಒತ್ತುತ್ತಾರೆ, 130 ಬಂತು ಅಂತ ಅದನ್ನೊಂದೇ ಬರೆದುಕೊಂಡು ಬರುತ್ತಾರೆ. ಇವರ ಬಗ್ಗೆಯೇ ನನಗೆ ಜಾಸ್ತಿ ಚಿಂತೆ. ನಾಲ್ಕನ್ನೂ ಕೂಡಿ ಭಾಗಿಸಿದರೆ 136/85. ಮನೆಯ ಲೆಕ್ಕದಲ್ಲಿ ಗೆರೆ ಇರುವುದು 135/85ಕ್ಕೆ. ವಾರವಿಡೀ ಇಷ್ಟೇ ಬಂದರೆ ಬಿಪಿ ಇದೆ ಅಂತಲೇ ಡಾಕ್ಟರು ನೋಡುತ್ತಾರೆ. ಎರಡರಲ್ಲಿ ಒಂದು ಗೆರೆ ಮುಟ್ಟಿದರೂ ಸಾಕು. ವಯಸ್ಸಾದವರಲ್ಲಿ ಮೇಲಿನದು ಮಾತ್ರ ಏರುವುದು ತುಂಬಾ ಸಾಮಾನ್ಯ, ‘ಕೆಳಗಿನದು ಸರಿ ಇದೆಯಲ್ಲ’ ಅಂತ ಬಿಡಬೇಡಿ.

ಆಸ್ಪತ್ರೆಯಲ್ಲಿ 140/90 ಗೆರೆ ಅಂತ ಕೇಳಿರುತ್ತೀರಿ. ಎರಡೂ ಸರಿಯೇ. ಹೊಸನಗರದಿಂದ ಬಸ್ಸಲ್ಲಿ ನಿಂತುಕೊಂಡು ಶಿವಮೊಗ್ಗಕ್ಕೆ ಬಂದು, ಮೆಟ್ಟಿಲು ಹತ್ತಿ, ಟೋಕನ್ ಹಿಡಿದು ಕಾದು, ಡಾಕ್ಟರ ಮುಂದೆ ಕೂತರೆ ಬಿಪಿ ಏರದೆ ಇರುತ್ತದಾ? ಅಲ್ಲಿ ಮಾತ್ರ ಏರಿ ಮನೆಯಲ್ಲಿ ಸರಿ ಇರುವವರಿದ್ದಾರೆ. ಅವರಿಗೆ ಅವಸರದಲ್ಲಿ ಮಾತ್ರೆ ಬೇಕಾಗದೆ ಇರಬಹುದು, ಆದರೆ ಆಗಾಗ ನೋಡುತ್ತಿರಬೇಕು. ಇದರ ಉಲ್ಟಾ ಕೇಸೂ ಇದೆ: ಆಸ್ಪತ್ರೆಯಲ್ಲಿ ಸರಿ, ಮನೆಯಲ್ಲಿ ಜಾಸ್ತಿ. ಇದು ಯಾರ ಕಣ್ಣಿಗೂ ಬೀಳದೆ ಒಳಗೊಳಗೇ ತೊಂದರೆ ಮಾಡುತ್ತದೆ. ಇದನ್ನು ಹಿಡಿಯಲು ನಿಮ್ಮ ಚೀಟಿ ಬೇಕೇ ಬೇಕು.

ಚಳಿಗೂ ಬಿಪಿ ಏರುತ್ತದೆ. ಬೇಸಿಗೆಯಲ್ಲಿ ಇಳಿದಿದೆ ಅಂತ ನೀವಾಗಿ ಮಾತ್ರೆ ಬಿಡಬೇಡಿ, ಚೀಟಿ ತೋರಿಸಿ ಕೇಳಿ. ಮಂಡಿನೋವಿಗೆ ಅಂಗಡಿಯಲ್ಲಿ ಕೇಳಿ ತಗೊಳ್ಳುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ತರದ ಮಾತ್ರೆಗಳು ಬಿಪಿ ಏರಿಸಬಹುದು. ನುಂಗಿದ ದಿನ ಚೀಟಿಯಲ್ಲಿ ಗುರುತು ಹಾಕಿ. ಉಪ್ಪಂತೂ ಗೊತ್ತೇ ಇದೆ. ದಿನಕ್ಕೆ 5 ಗ್ರಾಮಿನೊಳಗೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಸುಮಾರು ಒಂದು ಟೀ ಚಮಚ. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲ ಅದರೊಳಗೇ ಬರಬೇಕು. ಅಪ್ಪೆಮಿಡಿ ಬಿಡಿ ಅಂತ ಮಲೆನಾಡಿನವರಿಗೆ ಹೇಳುವ ಧೈರ್ಯ ನನಗಿಲ್ಲ. ಮೂರರ ಬದಲು ಒಂದು ತಿನ್ನಿ.

180/120 ದಾಟಿದರೆ ಕೆಲವು ನಿಮಿಷ ಸುಮ್ಮನೆ ಕೂತು ಮತ್ತೆ ನೋಡಿ. ಮತ್ತೂ ಅಷ್ಟೇ ಇದ್ದರೆ ಆರಾಮವಾಗಿದ್ದರೂ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಮಾತ್ರೆ ಎರಡು ನುಂಗಬೇಡಿ. ಆದರೆ ಎದೆನೋವು, ಉಸಿರುಕಟ್ಟುವಿಕೆ, ಮಾತು ತೊದಲುವುದು, ಕಣ್ಣು ಮಂಜಾಗುವುದು, ಒಂದು ಕಡೆಯ ಕೈಕಾಲು ಸೋಲುವುದು ಇದ್ದರೆ ಎರಡನೇ ಸಲ ನೋಡುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ನಿಮ್ಮ ಮನೆಯಿಂದ ರಸ್ತೆಗೆ ಬರಲು ಎಷ್ಟು ಹೊತ್ತು ಬೇಕು ಅನ್ನುವುದು ನಿಮಗೇ ಗೊತ್ತಲ್ವಾ.

ಮಷಿನ್ ತಂದವರು ಆ ಕಡೆ ಕುರ್ಚಿಗಳಲ್ಲಿ ಕೂತಿರಿ. ನನ್ನ ಮಷಿನ್ ಜೊತೆ ಒಂದೊಂದಾಗಿ ಹೋಲಿಸಿ ನೋಡೋಣ. ಐದು ನಿಮಿಷ ಯಾರೂ ಮಾತಾಡಬೇಡಿ. ಕಾಫಿ ಆಮೇಲೆ.